ಸಾಲುಮನೆಯ ಅಡುಗೆಮನೆ ಬೀದಿಬದಿಗೆ ಬಂದರೆ

ಟೆರೇಸ್ ಹೌಸ್ ಎಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ತಾರಸಿ ಮನೆ. ಹಪ್ಪಳ, ಸಂಡಿಗೆ ಒಣಹಾಕಲು, ಬೇಸಿಗೆಯ ರಾತ್ರಿ ಚಾಪೆ ಬಿಡಿಸಿಕೊಂಡು ಮಲಗಲು ಹೇಳಿ ಮಾಡಿಸಿದಂಥ ಮಟ್ಟಸ ಮಾಳಿಗೆಯ ಮನೆ. ಆದರೆ ಇಂಗ್ಲೆಂಡಿನವರ ಟೆರೇಸಿಗೂ ಮಾಳಿಗೆಗೂ ಸಂಬಂಧವೇ ಇಲ್ಲ. ಅಲ್ಲಿ ಟೆರೇಸ್ ಎಂದರೆ ಸಾಲುಮನೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಭುಜಕ್ಕೆ ಭುಜ ತಾಗಿಸಿ ನಿಂತ, ಎಡಬಲದ ಗೋಡೆಗಳನ್ನು ನೆರೆಯವರೊಡನೆ ಹಂಚಿಕೊಂಡ ಇಟ್ಟಿಗೆಯ ಮನೆಗಳು. ಇಂಗ್ಲೆಂಡಿನ ಒಟ್ಟು ಮನೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಂಥವೇ. ಮ್ಯಾಂಚೆಸ್ಟರ್, ಲೀಡ್ಸ್, ಲೆಸ್ಟರ್, ಲಂಡನ್ನಿನ ಹಳೆಯ ಬಡಾವಣೆಗಳಲ್ಲಿ ಬೀದಿಗೆ ಬೀದಿಯೇ ಹೀಗೆ ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂತೆ ನಿಂತಿದೆ. ಅಲ್ಲಿ ಹೋಗಿ ನೆಲೆಸಿದ ಕನ್ನಡದ ಸಂಸಾರಗಳೂ ಇಂಥ ಮನೆಗಳಲ್ಲಿ ಬಾಳುವೆ ನಡೆಸಿವೆ.

ಈ ಮನೆಗಳಲ್ಲಿ ನಾಲ್ಕಾರು ವರ್ಷ ಇದ್ದವರಿಗೆ ಒಂದಲ್ಲ ಒಂದು ದಿನ ಒಂದು ಯೋಚನೆ ಹೊಳೆಯುತ್ತದೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ ಕೂರುವ ಕೋಣೆ, ಅಂದರೆ ನಮ್ಮ ನಡುಮನೆ ಇದ್ದಂತೆ. ಹಿತ್ತಿಲ ಕಡೆಗಿರುವುದು ಅಡುಗೆಮನೆ. ಹಿತ್ತಿಲಲ್ಲಿ ಹಸುರು ಹುಲ್ಲು, ನಾಲ್ಕು ಗುಲಾಬಿ ಗಿಡ, ಸಂಜೆಯ ಬಿಸಿಲು. ಅದನ್ನು ನೋಡುವ ಭಾಗ್ಯ ಪಾತ್ರೆ ತೊಳೆಯುವ ಸಿಂಕಿಗೆ. ಕಾಲು ಚಾಚಿ ಕೂರುವ ಸೋಫಾಕ್ಕೆ ಮಾತ್ರ ಬೀದಿಯಲ್ಲಿ ಸಾಲಾಗಿ ನಿಂತ ಕಾರುಗಳ ದರ್ಶನ. ಇವೆರಡನ್ನೂ ಅದಲುಬದಲು ಮಾಡಿಬಿಟ್ಟರೆ ಹೇಗೆ? ಅಡುಗೆಮನೆ ಮುಂದಕ್ಕೆ, ಕೂರುವ ಕೋಣೆ ಹಿಂದಕ್ಕೆ. ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ಕೂತರೆ ಕೆಲಸ ಮುಗಿದೇ ಹೋಗುತ್ತದೆ, ಕಾಗದದ ಮೇಲೆ.

ಕಾಗದದಿಂದ ಮನೆಗೆ ಇಳಿದಾಗಲೇ ತೊಡಕು. ಸಾಲುಮನೆಯಲ್ಲಿ ಕೋಣೆ ಬದಲಿಸುವುದು ಮಂಚ ಕುರ್ಚಿಗಳನ್ನು ಎತ್ತಿಡುವಷ್ಟು ಸಲೀಸಲ್ಲ. ಯಾಕೆಂದರೆ ಆ ಮನೆಗೆ ಪಕ್ಕದ ಕಿಟಕಿಗಳೇ ಇಲ್ಲ. ಹದಿಮೂರರಿಂದ ಹದಿನಾರು ಅಡಿ ಅಗಲದ ಸಾಧಾರಣ ಮನೆಗೆ ಬೆಳಕು ಬರುವುದು ಎರಡೇ ಕಡೆಯಿಂದ: ಮುಂದಿನಿಂದ ಮತ್ತು ಹಿಂದಿನಿಂದ. ಇರುವ ಎರಡು ಬೆಳಕನ್ನು ಒಂದು ಸಂಸಾರ ಹಂಚಿಕೊಳ್ಳಬೇಕು. ಹೀಗಾಗಿ ಅಡುಗೆಮನೆ ಎಲ್ಲಿರಬೇಕು ಎಂದು ಕೇಳುವುದೂ, ಈ ಮನೆಯ ಒಳ್ಳೆಯ ಬೆಳಕು ಯಾರ ಪಾಲಿಗೆ ಎಂದು ಕೇಳುವುದೂ ಅಲ್ಲಿ ಒಂದೇ. ಈ ಪ್ರಶ್ನೆಗೆ ನೂರೈವತ್ತು ವರ್ಷಗಳ ಚರಿತ್ರೆಯೇ ಇದೆ.

* * *

ಮೊದಲಿಗೆ, ಅಡುಗೆಮನೆ ಹಿಂದಕ್ಕೆ ಹೋದದ್ದು ಹೇಗೆ ಎಂಬುದನ್ನು ನೋಡಬೇಕು.

ಸಾಲುಮನೆ ಬಡವರ ಕಟ್ಟಡವಾಗಿಯೇ ಹುಟ್ಟಿದ್ದಲ್ಲ. ಬಾತ್ ಊರಿನಲ್ಲಿ 1767ರಲ್ಲಿ ಶುರುವಾದ ರಾಯಲ್ ಕ್ರೆಸೆಂಟ್ ಕೂಡ ಸಾಲುಮನೆಯೇ. ಅರ್ಧಚಂದ್ರಾಕಾರದಲ್ಲಿ ಬಾಗಿ ನಿಂತ 30 ಮನೆಗಳು. ವಾಸ್ತುಶಿಲ್ಪಿ ಎರಡನೆಯ ಜಾನ್ ವುಡ್. ಅಂಥ ಸಿರಿವಂತರ ಮನೆಗಳಲ್ಲಿ ಅಡುಗೆಮನೆ ಇರುತ್ತಿದ್ದುದು ನೆಲಮಾಳಿಗೆಯಲ್ಲಿ. ಅಡುಗೆಯವರು ಕೆಳಗೆ, ಉಣ್ಣುವವರು ಮೇಲೆ. ಹೊಗೆ, ವಾಸನೆ, ಆಳುಗಳ ಮಾತು ಯಾವುದೂ ಮೇಲಕ್ಕೆ ಬರಬಾರದು ಎಂಬುದು ಲೆಕ್ಕಾಚಾರ.

ಕಾರ್ಖಾನೆಗಳ ಕಾಲ ಬಂದಾಗ ಕೂಲಿಕಾರರಿಗಾಗಿ ಸಾವಿರಗಟ್ಟಲೆ ಸಾಲುಮನೆಗಳು ಎದ್ದವು. ಅವುಗಳಲ್ಲಿ ತೀರಾ ಕನಿಷ್ಠವಾದದ್ದು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಮನೆ. ಅದಕ್ಕೆ ಹಿಂಬದಿಯ ಕಿಟಕಿಯೂ ಇಲ್ಲ. ಇದ್ದ ಒಂದೇ ಮುಖದಿಂದ ಗಾಳಿ, ಬೆಳಕು, ನೀರು, ಜನ ಎಲ್ಲವೂ ಬರಬೇಕು. ಕಾಲರಾ, ವಿಷಮಶೀತಜ್ವರಗಳು ಊರೂರನ್ನೇ ನುಂಗತೊಡಗಿದ ಮೇಲೆ ಸರಕಾರ ಎಚ್ಚೆತ್ತಿತು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆ, ಅದರ ಹಿಂದೆಯೇ ಬಂದ ಪುರಸಭೆಗಳ ಉಪನಿಯಮಗಳು ಮನೆಯ ಹಿಂದೆ ಬಯಲು ಬಿಡಬೇಕು, ಬೀದಿ ಇಷ್ಟು ಅಗಲವಿರಬೇಕು, ಚರಂಡಿ ಹೀಗಿರಬೇಕು ಎಂದು ಕಟ್ಟುಪಾಡು ಮಾಡಿದವು. ಬೆನ್ನಿಗೆ ಬೆನ್ನು ಮನೆಗಳನ್ನು ಹೊಸದಾಗಿ ಕಟ್ಟಕೂಡದೆಂದು 1909ರ ಕಾಯಿದೆ ಹೇಳಿತು. ಹಟಮಾರಿ ಲೀಡ್ಸ್ ನಗರ ಮಾತ್ರ 1937ರವರೆಗೂ ಕಟ್ಟುತ್ತಲೇ ಇತ್ತು.

ಈ ಕಟ್ಟುಪಾಡುಗಳಿಂದ ರೂಪುಗೊಂಡದ್ದೇ ಇಂದಿಗೂ ಉಳಿದಿರುವ ಸಾಲುಮನೆ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ. ಮುಂದಿನದು ಪಾರ್ಲರ್. ಈಗ ಪಾರ್ಲರ್ ಎಂದರೆ ನಮ್ಮಲ್ಲಿ ಹುಬ್ಬು ತಿದ್ದುವ ಜಾಗ. ಆಗ ಅಲ್ಲಿ ಅದು ಮನೆಯ ಮರ್ಯಾದೆಯ ಕೋಣೆ. ಹಿಂದಿನದು ಒಲೆಯಿರುವ ಕೋಣೆ. ಅಡುಗೆ, ಊಟ, ಮಕ್ಕಳ ಆಟ, ಚಳಿಗಾಲದ ಮೈ ಕಾಯಿಸಾಟ ಎಲ್ಲಾ ಅಲ್ಲಿಯೇ. ಅದಕ್ಕೂ ಹಿಂದೆ ಮನೆಯಿಂದ ಬಾಲದಂತೆ ಚಾಚಿದ ಸಣ್ಣ ಕೋಣೆ. ಅದನ್ನು ಸ್ಕಲರಿ ಎನ್ನುತ್ತಿದ್ದರು. ನಮ್ಮ ಬಚ್ಚಲುಮನೆಯ ಹಾಗೆ ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ, ಹಂಡೆಯಲ್ಲಿ ನೀರು ಕಾಯಿಸುವ ಜಾಗ. ಅಂಗಳದ ತುದಿಯಲ್ಲಿ ಕಕ್ಕಸು. ಅದರಾಚೆ ಹಿಂಗಲ್ಲಿ. ಕಲ್ಲಿದ್ದಲು ಒಳಗೆ ಬರುತ್ತಿದ್ದುದು, ಬೂದಿ ಹೊರಗೆ ಹೋಗುತ್ತಿದ್ದುದು, ಮಲದ ಗಾಡಿ ಓಡಾಡುತ್ತಿದ್ದುದು ಎಲ್ಲವೂ ಆ ಹಿಂಗಲ್ಲಿಯಿಂದಲೇ.

ಅಂದರೆ ಹಿಂಬದಿ ಆಗ ಮನೆಯ ಕೊಳಕು ಬದಿ. ಬೆಂಕಿ, ನೀರು, ಬೂದಿ, ಹೊಲಸು ಎಲ್ಲಕ್ಕೂ ಅಲ್ಲೇ ದಾರಿ. ಅಡುಗೆಮನೆಯನ್ನು ಅಲ್ಲಿ ಇಟ್ಟದ್ದು ಯಾರದೋ ಸೌಂದರ್ಯದೃಷ್ಟಿಯಿಂದಲ್ಲ. ಕೊಳವೆಗಳೂ ಕಲ್ಲಿದ್ದಲೂ ಹೇಳಿದ ಮಾತನ್ನು ಕಟ್ಟುವವರು ಕೇಳಿದರು ಅಷ್ಟೆ. ಅಡುಗೆಮನೆ ಎಲ್ಲಿಗೆ ಹೋಯಿತೋ ಮನೆಯಾಕೆಯೂ ಅಲ್ಲಿಗೆ ಹೋದಳು.

ನಮ್ಮ ಅಗ್ರಹಾರಗಳ ಸಾಲುಮನೆಗಳನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಮುಂದೆ ಜಗುಲಿ, ನಡುವೆ ನಡುಮನೆ, ಒಳಗಿನ ಒಳಗೆ ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ಅಲ್ಲಿಯೂ ಪಕ್ಕದ ಗೋಡೆ ನೆರೆಯವರದೂ ಹೌದು. ಆದರೆ ನಮ್ಮಲ್ಲಿ ಅಡುಗೆಮನೆ ಒಳಗೆ ಹೋದದ್ದಕ್ಕೆ ಮಡಿ ಮೈಲಿಗೆಯ ಕಾರಣವೂ ಇತ್ತು. ಇಂಗ್ಲೆಂಡಿನಲ್ಲಿ ಕೊಳೆಯ ಕಾರಣ. ಒಂದು ಕಡೆ ಅದು ಮನೆಯ ಅತಿ ಶುದ್ಧವಾದ ಮೂಲೆ, ಇನ್ನೊಂದು ಕಡೆ ಅತಿ ಕೊಳಕಾದ ಮೂಲೆ. ಒಲೆಯ ಮುಂದೆ ಕೂತವಳಿಗೆ ಸಿಕ್ಕ ಬೆಳಕು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ನಮ್ಮ ಅನುಕೂಲಸ್ಥರ ಮನೆಗಳಲ್ಲಿ ನಡುವೆ ತೊಟ್ಟಿ ಇತ್ತು, ಆಕಾಶ ಮನೆಯೊಳಕ್ಕೇ ಇಳಿಯುತ್ತಿತ್ತು. ಇಂಗ್ಲೆಂಡಿನ ಚಳಿಮಳೆಗೆ ತೊಟ್ಟಿ ಒಗ್ಗದು. ಅಲ್ಲಿನ ಕಟ್ಟುಗರು ಬೇರೊಂದು ಉಪಾಯ ಹೂಡಿದರು. ಹಿಂದಕ್ಕೆ ಚಾಚಿದ ಸ್ಕಲರಿಯನ್ನು ಮನೆಯ ಪೂರ್ತಿ ಅಗಲಕ್ಕೆ ಕಟ್ಟದೆ, ಒಂದು ಪಕ್ಕದಲ್ಲಿ ಕಿರಿದಾದ ಓಣಿಯಷ್ಟು ಜಾಗ ಬಿಟ್ಟರು. ಆ ಓಣಿಯ ಪುಣ್ಯದಿಂದ ಹಿಂದಿನ ಕೋಣೆಗೆ ಒಂದು ಕಿಟಕಿ ಉಳಿಯಿತು. ಈ ಓಣಿಯ ಸುದ್ದಿ ಮುಂದೆ ಮತ್ತೆ ಬರುತ್ತದೆ.

* * *

ಮುಂದಿನ ಪಾರ್ಲರಿನ ಮೇಲೆ ದೊಡ್ಡದೊಂದು ವಾಗ್ವಾದವೇ ನಡೆದುಹೋಯಿತು.

ರೇಮಂಡ್ ಅನ್‌ವಿನ್ ಎಂಬ ಹೆಸರಾಂತ ವಾಸ್ತುಶಿಲ್ಪಿ 1902ರಲ್ಲಿ ಒಂದು ಕಿರುಹೊತ್ತಗೆ ಬರೆದು, ಬಡವರ ಮನೆಗೆ ಪಾರ್ಲರ್ ಎಂಬುದು ದಂಡ ಎಂಬ ವಾದ ಹೂಡಿದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಇರುವುದೇ ಎರಡು ಕೋಣೆ. ಅದರಲ್ಲಿ ಒಂದನ್ನು ವಾರವಿಡೀ ಬೀಗ ಹಾಕಿದಂತೆ ಇಟ್ಟು, ಆರೇಳು ಜನ ಇನ್ನೊಂದರಲ್ಲಿ ಇಕ್ಕಟ್ಟಿನಲ್ಲಿ ಬೇಯುವುದು ಯಾವ ಜಾಣತನ? ಎರಡನ್ನೂ ಸೇರಿಸಿ ಒಂದೇ ದೊಡ್ಡ ಕೋಣೆ ಮಾಡಿ, ಬಿಸಿಲು ಬೀಳುವ ದಿಕ್ಕಿಗೆ ಮುಖ ಮಾಡಿಸಿದರೆ ಎಲ್ಲರಿಗೂ ಸುಖ. ಬೀದಿ ಯಾವ ಕಡೆಗಿದ್ದರೇನು, ಮನೆ ಮುಖ ಮಾಡಬೇಕಾದದ್ದು ಸೂರ್ಯನಿಗೆ ಎಂಬುದು ಅವನ ಸಿದ್ಧಾಂತ.

ಮೊದಲ ಮಹಾಯುದ್ಧ ಮುಗಿಯುತ್ತ ಬಂದಾಗ ಸರಕಾರವೇ ಜನಸಾಮಾನ್ಯರಿಗೆ ಮನೆ ಕಟ್ಟಿಸಬೇಕೆಂಬ ತೀರ್ಮಾನವಾಯಿತು. ಆ ಮನೆಗಳು ಹೇಗಿರಬೇಕೆಂದು ಹೇಳಲು ಜಾನ್ ಟ್ಯೂಡರ್ ವಾಲ್ಟರ್ಸ್ ಅಧ್ಯಕ್ಷತೆಯ ಸಮಿತಿ 1918ರಲ್ಲಿ ವರದಿ ಕೊಟ್ಟಿತು. ಅನ್‌ವಿನ್ ಅದರಲ್ಲಿ ಸದಸ್ಯ. ಅದೇ ವರ್ಷ ಹೆಂಗಸರದೇ ಒಂದು ಉಪಸಮಿತಿಯನ್ನೂ ಸರಕಾರ ನೇಮಿಸಿತು. ಲೇಡಿ ಎಮಟ್ ಅದರ ಅಧ್ಯಕ್ಷೆ. ಮನೆಗೆಲಸ ಮಾಡುವವರನ್ನೇ ಮನೆಯ ಬಗ್ಗೆ ಕೇಳೋಣ ಎಂಬ ಬುದ್ಧಿ ಒಂದು ಸರಕಾರಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಕೇಳಿದಾಗ ಬಂದ ಉತ್ತರ ಪಂಡಿತರಿಗೆ ಅನಿರೀಕ್ಷಿತವಾಗಿತ್ತು. ನಮಗೆ ಪಾರ್ಲರ್ ಬೇಕು ಎಂದರು ದುಡಿಯುವ ವರ್ಗದ ಹೆಂಗಸರು. ಟ್ಯೂಡರ್ ವಾಲ್ಟರ್ಸ್ ಸಮಿತಿಯ ಎದುರು ಬಂದ ಸಾಕ್ಷಿಗಳಲ್ಲೂ ಹೆಚ್ಚಿನವರದು ಇದೇ ಮಾತು.

ಯಾಕೆ ಬೇಕು? ದೊಡ್ಡಸ್ತಿಕೆ ತೋರಿಸಿಕೊಳ್ಳುವ ಚಪಲ ಎಂದು ನಕ್ಕವರೂ ಇದ್ದರು. ಆದರೆ ದಿನವಿಡೀ ಒಲೆ, ಒದ್ದೆಬಟ್ಟೆ, ಮಕ್ಕಳ ಗಲಾಟೆಗಳ ನಡುವೆ ನಿಂತವಳಿಗೆ, ಕೆಲಸದ ಗುರುತಿಲ್ಲದ ಒಂದು ಕೋಣೆ ಮನೆಯಲ್ಲಿ ಇದೆ ಎಂಬುದೇ ಒಂದು ಉಸಿರು. ಕಾಯಿಲೆಯವರನ್ನು ಮಲಗಿಸಲು, ಮಗಳನ್ನು ನೋಡಲು ಬಂದ ಹುಡುಗನನ್ನು ಕೂರಿಸಲು, ಪಾದ್ರಿ ಬಂದರೆ ಮಾತಾಡಿಸಲು, ಓದುವ ಹುಡುಗನಿಗೆ ಒಂದು ಮೂಲೆ ಕೊಡಲು, ಕೊನೆಗೆ ಮನೆಯಲ್ಲಿ ಸಾವಾದರೆ ಶವಪೆಟ್ಟಿಗೆ ಇಡಲು ಬೇರೆ ಯಾವ ಜಾಗವಿತ್ತು? ವಾಸ್ತುಶಿಲ್ಪಿ ಬಿಸಿಲನ್ನು ಲೆಕ್ಕ ಹಾಕಿದ್ದ. ಆಕೆ ಬಿಡುವನ್ನು ಲೆಕ್ಕ ಹಾಕಿದ್ದಳು. ಇಬ್ಬರ ಲೆಕ್ಕವೂ ಸರಿಯೇ. ವರದಿ ಎರಡೂ ಬಗೆಯ ಮನೆಗಳಿಗೆ ಒಪ್ಪಿತು. 1919ರ ವಸತಿ ಕಾಯಿದೆಯ ನಂತರ ಎದ್ದ ಸರಕಾರಿ ಮನೆಗಳಲ್ಲಿ ಪಾರ್ಲರ್ ಇದ್ದವೂ ಇದ್ದವು, ಇಲ್ಲದವೂ ಇದ್ದವು.

* * *

ಆಮೇಲೆ ಬಂದ ಅರ್ಧಶತಮಾನ ಇಡೀ ಲೆಕ್ಕವನ್ನೇ ತಿರುಗಿಸಿಹಾಕಿತು. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಕವಿದ ಹೊಗೆಮಂಜು ಸಾವಿರಾರು ಜನರ ಪ್ರಾಣ ತೆಗೆದ ಮೇಲೆ, 1956ರಲ್ಲಿ ಶುದ್ಧಗಾಳಿಯ ಕಾಯಿದೆ ಬಂದಿತು. ಕಲ್ಲಿದ್ದಲ ಒಲೆಗಳು ಆರುತ್ತಾ ಹೋದವು. 1967ರಿಂದ 1977ರವರೆಗಿನ ಹತ್ತು ವರ್ಷಗಳಲ್ಲಿ ಬ್ರಿಟನ್ನಿನ ಮನೆಮನೆಯ ಒಲೆಗಳನ್ನೂ ಸಮುದ್ರದಡಿಯ ನೈಸರ್ಗಿಕ ಅನಿಲಕ್ಕೆ ಹೊಂದಿಸಲಾಯಿತು. ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆಯನ್ನೆಲ್ಲ ಬೆಚ್ಚಗಿಡುವ ಏರ್ಪಾಡು ಬಂದಿತು. ಕಕ್ಕಸು ಅಂಗಳ ಬಿಟ್ಟು ಮನೆಯೊಳಗೆ ಬಂದಿತು. ಬೂದಿ ಇಲ್ಲ, ಇದ್ದಿಲಿಲ್ಲ, ಮಲದ ಗಾಡಿಯಿಲ್ಲ. ಕೊಳಕು ಬದಿಯಾಗಿದ್ದ ಹಿತ್ತಿಲು ನೋಡನೋಡುತ್ತ ಮನೆಯ ಅತಿ ಚೆಂದದ ಬದಿಯಾಯಿತು. ಇತ್ತ ಮರ್ಯಾದೆಯ ಬದಿಯಾಗಿದ್ದ ಬೀದಿಗೆ ಮೋಟಾರು ಬಂದು ಸದ್ದು, ಹೊಗೆ, ಧೂಳು ತಂದಿತು.

ಈಗ ಈ ಅದಲುಬದಲಿನ ಯೋಚನೆಯನ್ನು ಇನ್ನೊಮ್ಮೆ ನೋಡಿ. ಹಿಂಬದಿ ಹೊಲಸಾಗಿದ್ದಷ್ಟು ಕಾಲ ಅದು ಅಡುಗೆಯವಳ ಪಾಲಿಗಿತ್ತು. ಅದು ತೋಟವಾದ ಮೇಲೆ, ಅಡುಗೆಮನೆ ಮುಂದಕ್ಕೆ ಹೋಗಲಿ, ಸೋಫಾ ಇಲ್ಲಿಗೆ ಬರಲಿ ಎಂಬ ಮಾತು ಹುಟ್ಟುತ್ತದೆ! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಒಲೆಯ ಮುಂದೆ ನಿಂತವರಿಗೆ ಎರಡೂ ಕಾಲ ತಪ್ಪಿಹೋಗುವ ಸಂಭವ.

ಹಾಗೆಂದು ಮುಂದಿನ ಅಡುಗೆಮನೆ ಎಂದರೆ ಶಿಕ್ಷೆ ಎಂದೇ ತಿಳಿಯಬೇಕಿಲ್ಲ. ಬೀದಿಗೆ ಕಿಟಕಿಯಿರುವ ಅಡುಗೆಮನೆಯಲ್ಲಿ ನಿಂತವರಿಗೆ ಹೋಗುವವರು ಬರುವವರು ಕಾಣುತ್ತಾರೆ. ಶಾಲೆಯಿಂದ ಮಗು ಬರುವುದು, ಅಂಚೆಯವನು ಗೇಟು ತೆರೆಯುವುದು ಕಾಣುತ್ತದೆ. ಸಾಮಾನಿನ ಚೀಲಗಳನ್ನು ಮನೆಯುದ್ದಕ್ಕೂ ಹೊತ್ತುಕೊಂಡು ಹೋಗಬೇಕಾಗಿಲ್ಲ. ಪರದೇಶದ ಒಂಟಿತನ ಬಲ್ಲವರಿಗೆ ಬೀದಿಯ ಕಿಟಕಿಯ ಬೆಲೆ ಗೊತ್ತು. ಊರಿಂದ ಮಗನ ಮನೆಗೆ ಬಂದ ತಾಯಿಗೆ ನಿರ್ಜನವಾದ ತೋಟ ನೋಡುವುದಕ್ಕಿಂತ ಜನ ಓಡಾಡುವ ಬೀದಿ ನೋಡುವುದೇ ಹೆಚ್ಚು ಸಮಾಧಾನವೆನಿಸಬಹುದು. ಯಾರಿಗೆ ಯಾವುದು ಬೇಕು ಎಂಬುದನ್ನು ನಕ್ಷೆ ಬರೆಯುವವರು ಊಹಿಸಬಾರದು. ಆ ಸಿಂಕಿನ ಮುಂದೆ ನಿಲ್ಲುವವರನ್ನೇ ಕೇಳಬೇಕು. 1918ರಲ್ಲಿ ಕೇಳಿದರಲ್ಲ, ಹಾಗೆ.

* * *

ಕೇಳಿ, ಒಪ್ಪಿ, ನಿರ್ಧರಿಸಿದ ಮೇಲೆ ಮನೆಯನ್ನೂ ಒಂದು ಮಾತು ಕೇಳಬೇಕಾಗುತ್ತದೆ. ಮನೆಯ ಪರವಾಗಿ ಮೊದಲು ಮಾತಾಡುವುದು ಚರಂಡಿ.

ನೀರನ್ನು ಒಳಕ್ಕೆ ತರುವುದು ಸುಲಭ. ಹೊರಕ್ಕೆ ಕಳಿಸುವುದು ಕಷ್ಟ. ಒಳಬರುವ ನೀರಿಗೆ ಒತ್ತಡವಿರುತ್ತದೆ, ಹೇಳಿದ ಕಡೆ ಹತ್ತಿ ಇಳಿಯುತ್ತದೆ. ಹೊರಹೋಗುವ ನೀರಿಗೆ ವಾಟ ಒಂದೇ ಗತಿ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿಯಂತೆ ಸಿಂಕಿನ ಕೊಳವೆ 40 ಮಿಲಿಮೀಟರು ಅಗಲದ್ದು. ಮೀಟರಿಗೆ ಕನಿಷ್ಠ 18 ಮಿಲಿಮೀಟರು ವಾಟ ಬೇಕು. ಬೇರೆ ಗಾಳಿಕೊಳವೆ ಇಲ್ಲದಿದ್ದರೆ ಉದ್ದ 3 ಮೀಟರು ಮೀರಬಾರದು. ಮುಂದಿನ ಕೋಣೆಯಿಂದ ಹಿತ್ತಿಲ ಚರಂಡಿಗೆ ಸಾಮಾನ್ಯವಾಗಿ ಇದರ ಎರಡರಷ್ಟಾದರೂ ದೂರ. 6 ಮೀಟರು ಎಂದಿಟ್ಟುಕೊಂಡರೆ ವಾಟವೇ 108 ಮಿಲಿಮೀಟರು, ಅಂದರೆ ನಾಲ್ಕು ಅಂಗುಲಕ್ಕೂ ಹೆಚ್ಚು. ಹಲಗೆ ನೆಲವಾದರೆ ಕೊಳವೆ ಅದರಡಿಯಲ್ಲಿ ಹೋಗಬೇಕು. ಅಡ್ಡ ಬಂದ ಜಂತೆಯನ್ನು ಬೇಕಾಬಿಟ್ಟಿ ಕೊರೆದರೆ ನೆಲವೇ ಸೊರಗುತ್ತದೆ. ಗಾರೆ ನೆಲವಾದರೆ ಅಗೆಯಬೇಕು. ವಾಟ ಸಾಲದ ಕೊಳವೆಯಲ್ಲಿ ಜಿಡ್ಡು ನಿಂತು ಗಟ್ಟಿಯಾಗುತ್ತದೆ. ತುಪ್ಪ, ಎಣ್ಣೆ, ಬೇಳೆಯ ಗಸಿ ಹರಿಯುವ ಕನ್ನಡಿಗರ ಸಿಂಕಿನ ಕೊಳವೆ ಕಟ್ಟಿಕೊಳ್ಳಲು ವರುಷವೇನೂ ಬೇಡ. ಕೆಲವು ಬೀದಿಗಳಲ್ಲಿ ಒಳಚರಂಡಿ ಮುಂದುಗಡೆಯೇ ಹಾಯ್ದಿರುತ್ತದೆ. ಅಂಥವರ ಅದೃಷ್ಟ ಚೆನ್ನಾಗಿದೆ ಎನ್ನಬೇಕು. ಆದ್ದರಿಂದ ಕಪಾಟಿನ ಬಣ್ಣ ಆರಿಸುವ ಮುಂಚೆ ಅಂಗಳದ ಚರಂಡಿಯ ಮುಚ್ಚಳ ಎತ್ತಿಸಿ ನೋಡುವುದು ಜಾಣತನ.

ಎರಡನೆಯದು ಹಬೆ, ಹೊಗೆ. ಒಲೆಯ ಮೇಲೆಯೇ ಹೀರುಗೂಡು ಇದ್ದರೆ ಅದು ಸೆಕೆಂಡಿಗೆ 30 ಲೀಟರು ಗಾಳಿಯನ್ನು ಹೊರದಬ್ಬಬೇಕು, ಬೇರೆಡೆ ಫ್ಯಾನು ಇಟ್ಟರೆ 60 ಲೀಟರು ಎಂದು ಅಲ್ಲಿನ ಮಾರ್ಗಸೂಚಿ ಹೇಳುತ್ತದೆ. ಹೊರಗೆ ಎಂದರೆ ಎಲ್ಲಿಗೆ? ಹಿತ್ತಿಲ ಅಡುಗೆಮನೆಯ ಒಗ್ಗರಣೆ ಹಿತ್ತಿಲಿಗೆ ಹೋಗುತ್ತಿತ್ತು; ಮುಂದಿನದಾದರೆ ಬಾಗಿಲ ಮುಂದೆ ಹಾಯುವವರ ಮೂಗಿಗೇ. ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಗೆ ಬೀದಿಯೆಲ್ಲ ಸೀನಿದರೆ ಕೆಲವರು ಬಂದು ಏನಮ್ಮ ಅಡುಗೆ ಎಂದಾರು, ಕೆಲವರು ಕಿಟಕಿ ಮುಚ್ಚಿಯಾರು. ಸಂರಕ್ಷಿತ ಕಟ್ಟಡವಾಗಿದ್ದರಂತೂ ಮುಂದಿನ ಗೋಡೆಗೆ ಒಂದು ತೂತು ಕೊರೆಯಲೂ ಅಪ್ಪಣೆ ಬೇಕು. ಮಿಕ್ಕ ಮನೆಗಳಿಗೆ ಒಳಗಿನ ಕೋಣೆ ಬದಲಿಸಲು ಸಾಮಾನ್ಯವಾಗಿ ಯೋಜನಾ ಅನುಮತಿ ಬೇಡ. ಆದರೆ ಕಟ್ಟಡ ನಿಯಮಗಳು ತಪ್ಪಿದ್ದಲ್ಲ. ಗ್ಯಾಸಿನ ಕೆಲಸವನ್ನು ನೋಂದಾಯಿತ ಕೆಲಸಗಾರರೇ ಮಾಡಬೇಕು.

ಮೂರನೆಯದು ಬೆಂಕಿ. ಇಂಗ್ಲೆಂಡಿನ ಮನೆಗಳಲ್ಲಿ ಆಕಸ್ಮಿಕವಾಗಿ ಹತ್ತುವ ಬೆಂಕಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅಡುಗೆಯ ಒಲೆ. ತೀರಾ ಸಣ್ಣ ಸಾಲುಮನೆಗಳಲ್ಲಿ ಬೀದಿಬಾಗಿಲು ನೇರವಾಗಿ ಮುಂದಿನ ಕೋಣೆಗೇ ತೆರೆಯುತ್ತದೆ. ಹಜಾರ ಎಂಬುದೇ ಇಲ್ಲ. ಆ ಕೋಣೆಯನ್ನೇ ಅಡುಗೆಮನೆ ಮಾಡಿದರೆ, ರಾತ್ರಿ ಮೇಲೆ ಮಲಗಿದವರು ಹೊರಗೆ ಓಡಬೇಕಾದ ಹಾದಿ ಒಲೆಯ ಮುಂದೆಯೇ ಹಾಯುತ್ತದೆ. ಹೊಗೆ ಕಂಡರೆ ಕೂಗುವ ಯಂತ್ರ, ಮುಚ್ಚಿಕೊಳ್ಳುವ ಗಟ್ಟಿ ಬಾಗಿಲು, ಮೇಲಿನ ಕೋಣೆಗಳಲ್ಲಿ ಮನುಷ್ಯ ನುಸುಳಿ ಹೊರಬರುವಷ್ಟು ದೊಡ್ಡ ಕಿಟಕಿ, ಇವು ಮೂರನ್ನೂ ಯೋಚಿಸದೆ ಈ ಕೆಲಸಕ್ಕೆ ಕೈ ಹಾಕಬಾರದು. ಇದೊಂದು ಮಾತಿಗೆ ವಿನಾಯಿತಿಯಿಲ್ಲ.

ನಾಲ್ಕನೆಯದು ಗೋಡೆ. ಅದಲುಬದಲಿಗೆ ಗೋಡೆ ಒಡೆಯಲೇಬೇಕೆಂದಿಲ್ಲ. ಆದರೂ ಕೆಲಸ ಶುರುವಾದ ಮೇಲೆ ಎರಡೂ ಕೋಣೆಗಳ ನಡುವಿನ ಗೋಡೆ ಅಡ್ಡಗೋಡೆಯೆಂಬ ಕಾರಣಕ್ಕೇ ಕಣ್ಣು ಕುಕ್ಕುತ್ತದೆ. ತೆಗೆದುಬಿಡಿ, ವಿಶಾಲವಾಗುತ್ತದೆ ಎನ್ನುವವರು ಬೇಕಾದಷ್ಟು ಜನ. ಅನೇಕ ಸಾಲುಮನೆಗಳಲ್ಲಿ ಮೇಲಂತಸ್ತಿನ ಜಂತೆಗಳ ಒಂದು ತುದಿ ಕೂತಿರುವುದೇ ಈ ಗೋಡೆಯ ಮೇಲೆ. ಅದನ್ನು ತೆಗೆದರೆ ಉಕ್ಕಿನ ತೊಲೆ ಕೊಡಬೇಕು, ತೊಲೆಯ ಲೆಕ್ಕವನ್ನು ಎಂಜಿನಿಯರೇ ಮಾಡಬೇಕು. ತೊಲೆಯ ತುದಿ ನೆರೆಯವರೊಡನೆ ಹಂಚಿಕೊಂಡ ಗೋಡೆಯಲ್ಲಿ ಕೂರುವುದಾದರೆ 1996ರ ಪಾರ್ಟಿ ವಾಲ್ ಕಾಯಿದೆಯಂತೆ ಎರಡು ತಿಂಗಳು ಮುಂಚೆ ಅವರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ಹಳೆಯ ಒಲೆಯ ಗೂಡನ್ನು ಕೆಳಗೆ ಮಾತ್ರ ಒಡೆದು, ಮೇಲಿನ ಹೊಗೆಗೂಡಿನ ಇಟ್ಟಿಗೆಯ ಭಾರವನ್ನು ಹಾಗೆಯೇ ನೇತುಬಿಟ್ಟ ಮೇಸ್ತ್ರಿಗಳೂ ಲೋಕದಲ್ಲಿದ್ದಾರೆ. ಆ ಗೂಡು ಎಷ್ಟೋ ವೇಳೆ ಪಕ್ಕದ ಮನೆಯದೂ ಆಗಿರುತ್ತದೆ. ಸಾಲುಮನೆಯಲ್ಲಿ ಒಬ್ಬರು ಮಾಡಿದ ತಪ್ಪಿಗೆ ಇಬ್ಬರ ಗೋಡೆ ಬಿರಿಯುತ್ತದೆ.

ಇನ್ನು ಆ ಓಣಿಯ ವಿಚಾರ. ಅಡುಗೆಮನೆಗೂ ತೋಟಕ್ಕೂ ನಡುವೆ ಪಕ್ಕದಲ್ಲಿ ಸುಮ್ಮನೆ ಬಿದ್ದಿರುವ ಆ ಕಿರುಜಾಗಕ್ಕೆ ಚಾವಣಿ ಹಾಕಿ ಒಳಸೇರಿಸಿಕೊಳ್ಳುವುದು ಈಗ ಬಹಳ ರೂಢಿ. ಕೋಣೆ ದೊಡ್ಡದಾಗುವುದೇನೋ ನಿಜ. ಆದರೆ ಅದರೊಂದಿಗೆ ನಡುವಿನ ಕೋಣೆಯ ಏಕೈಕ ಕಿಟಕಿ ಮುಚ್ಚಿಹೋಗುತ್ತದೆ. ಹಗಲು ಹನ್ನೆರಡಕ್ಕೂ ದೀಪ ಬೇಕಾಗುವ ಒಂದು ಗವಿ ಮನೆಯ ಹೊಟ್ಟೆಯಲ್ಲಿ ಹುಟ್ಟುತ್ತದೆ. ಮುಂದಿನದು ಕೂರಲು, ಹಿಂದಿನದು ಉಣ್ಣಲು ಎಂದು ಹಂಚಿಕೊಂಡ ಮೇಲೆ ಆ ಗವಿಗೆ ಏನನ್ನು ಹಾಕುತ್ತಾರೆ? ಬಹಳ ಸಲ ಒಲೆಯನ್ನೇ. ಹಿಂದಿದ್ದ ಅಡುಗೆಮನೆಗೆ ಕೊಳೆಯಿದ್ದರೂ ಬೆಳಕಿತ್ತು. ಇದಕ್ಕೆ ಅದೂ ಇಲ್ಲ. ಮೇಲೆ ಗಾಜಿನ ಚಾವಣಿ ಕೊಟ್ಟು ಬೆಳಕನ್ನು ಇಳಿಸಿದರೆ ಮಾತ್ರ ಈ ಸೇರ್ಪಡೆಗೆ ಅರ್ಥ. ತಡವಾಗಿಯಾದರೂ ನಮ್ಮ ತೊಟ್ಟಿಯ ತತ್ವಕ್ಕೆ ಅವರೂ ಬಂದಂತಾಯಿತು.

* * *

ಗೋಡೆ ಒಡೆದು ಇಡೀ ಕೆಳಮನೆಯನ್ನು ಒಂದೇ ಕೋಣೆ ಮಾಡಿದವರಿಗೆ 2020ರ ಲಾಕ್‌ಡೌನ್ ಒಂದು ಪಾಠ ಹೇಳಿತು. ಅಪ್ಪನ ಕಚೇರಿ, ಅಮ್ಮನ ಕಚೇರಿ, ಮಕ್ಕಳ ತರಗತಿ, ಕುಕ್ಕರಿನ ಸೀಟಿ ಎಲ್ಲವೂ ಒಂದೇ ಚಾವಣಿಯಡಿ, ಒಂದೇ ಗಾಳಿಯಲ್ಲಿ ನಡೆಯಬೇಕಾಯಿತು. ಬಾಗಿಲು ಮುಚ್ಚಿಕೊಳ್ಳಲು ಬಾಗಿಲೇ ಇಲ್ಲ! ಪಾರ್ಲರ್ ಬೇಕು ಎಂದ 1918ರ ಹೆಂಗಸರ ಮಾತು ಮರಳಿ ನೆನಪಾಗುವ ಹೊತ್ತು ಅದು. ಮನೆಗೆ ಬಿಸಿಲಿನಷ್ಟೇ ಮುಚ್ಚಿಕೊಳ್ಳುವ ಒಂದು ಕದವೂ ಮುಖ್ಯ ಎಂಬುದನ್ನು ಅವರು ಎಂದೋ ಹೇಳಿದ್ದರು.

ಹಾಗಾದರೆ ಅದಲುಬದಲು ಮಾಡಬೇಕೋ, ಬೇಡವೋ? ಮಾಡುವವರು ಮಾಡಲಿ. ಚರಂಡಿ ಮುಂದುಗಡೆಯಿದ್ದು, ಬೀದಿಬಾಗಿಲಿಗೂ ಅಡುಗೆಮನೆಗೂ ನಡುವೆ ಹಜಾರವಿದ್ದು, ಅಡುಗೆ ಮಾಡುವವರಿಗೇ ಬೀದಿಯ ಕಿಟಕಿ ಇಷ್ಟವಾಗಿದ್ದರೆ ಅದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಒಂದು ಸಲ ನಿಂತು ಯೋಚಿಸಬೇಕು. ಖರ್ಚಿಲ್ಲದ ಒಂದು ಪರೀಕ್ಷೆಯಂತೂ ಎಲ್ಲರ ಕೈಲೂ ಆಗುತ್ತದೆ. ಒಂದು ವಾರ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಬೆಳಗಿನಿಂದ ರಾತ್ರಿಯವರೆಗೆ ಗಂಟೆಗಂಟೆಗೂ ಯಾರು ಯಾವ ಕೋಣೆಯಲ್ಲಿದ್ದರು, ಆಗ ಬಿಸಿಲು ಎಲ್ಲಿತ್ತು ಎಂದು ಬರೆಯುತ್ತ ಹೋಗುವುದು. ಮನೆಯಲ್ಲಿ ಎಲ್ಲರೂ ಬರೆಯಬೇಕು. ಸೋಫಾದ ಮೇಲೆ ದಿನಕ್ಕೆ ಎರಡು ಗಂಟೆ ಕೂರುವವರು ಯಾರು, ಒಲೆಯ ಮುಂದೆ ಐದು ಗಂಟೆ ನಿಲ್ಲುವವರು ಯಾರು ಎಂಬುದು ಹಾಳೆಯ ಮೇಲೆ ಮೂಡುತ್ತದೆ.

ಕೆಲವು ಮನೆಗಳಲ್ಲಿ ಆ ಹಾಳೆ ನೋಡಿದ ಮೇಲೆ ಕೋಣೆ ಬದಲಿಸುವ ಮಾತೇ ನಿಂತುಹೋಗಬಹುದು. ಹಿತ್ತಿಲ ಅಡುಗೆಮನೆಯ ಕಿಟಕಿಯ ಬಳಿ ಎರಡು ಕುರ್ಚಿ ಹಾಕಿದರೆ ಸಾಕೆನಿಸಬಹುದು. ಸಂಜೆಯ ಬಿಸಿಲಲ್ಲಿ ಒಬ್ಬರು ಬೇಳೆ ಬೇಯಿಸುವಾಗ ಇನ್ನೊಬ್ಬರು ಅಲ್ಲೇ ಕೂತು ಹುರುಳಿಕಾಯಿ ಸೋಸಬಹುದು. ಇನ್ನು ಕೆಲವು ಮನೆಗಳಲ್ಲಿ, ಅಡುಗೆ ಯಾರೊಬ್ಬರ ಕೆಲಸವೂ ಆಗಿರಬೇಕಿಲ್ಲ ಎಂದು ಹೊಳೆದರೆ, ತೊಲೆಗೂ ಕೊಳವೆಗೂ ಕಾಸು ಬಿಚ್ಚದೆಯೇ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಮೇಸ್ತ್ರಿಯನ್ನು ಕರೆಯಬಹುದು. ಅವನು ಬಂದ ದಿನ ಮೊದಲು ಚರಂಡಿಯ ಮುಚ್ಚಳ ಎತ್ತಲಿ.